ಮೇಲಿನಂತೆ

ಈ ದಪ್ಪ ರಿಜಿಸ್ಟರಿನಲ್ಲಿ ಮೊದಲು ನಾಲ್ಕೇ ಕಾಲಂ:
ಹೆಸರು. ವಿಭಾಗ. ಬಿಟ್ಟುಹೋದ ತಾರೀಖು. ಕಾರಣ.
ಗಂಡುಹುಡುಗರ ಕಾರಣಕ್ಕೆ ಹತ್ತೆಂಟು ಬಗೆ:
ಶುಲ್ಕ, ಮಲೇರಿಯಾ, ಜೊಹಾನ್ಸ್‌ಬರ್ಗಿನಲ್ಲಿ ಕೆಲಸ,
ಒಬ್ಬನಿಗಂತೂ ‘ಫುಟ್‌ಬಾಲ್’ ಎಂದೇ ಬರೆದಿದೆ.
ಹುಡುಗಿಯರಿಗೆ ಬಹುತೇಕ ಒಂದೇ ಪದ, ‘ಬಸುರಿ’.
ಬರೆಯುವವನಿಗೆ ಬೇಸರ ಬಂದು ಕೆಳಗೆಲ್ಲ
ಬರೀ ‘ಮೇಲಿನಂತೆ’, ‘ಮೇಲಿನಂತೆ’.

ಆ ಮೇಲಿನಂತೆಗಳಲ್ಲಿ ಒಂದು ನಾನು.
ಪುಟ ನಲವತ್ತೊಂದು, ಕೆಳಗಿನಿಂದ ಮೂರನೆಯದು,
ಸಸ್ಯಶಾಸ್ತ್ರ, ಎರಡನೆಯ ವರ್ಷ.
ಹನ್ನೊಂದು ವರ್ಷ ಕಳೆದು ಹಿಂಬಾಗಿಲಿನಿಂದ ಬಂದೆ
ಅದೇ ರಿಜಿಸ್ಟರು ಕಾಯುವ ಗುಮಾಸ್ತೆಯಾಗಿ.
ಓದಲಿಕ್ಕಲ್ಲ, ಓದುವವರ ಹೆಸರು ಬರೆಯಲಿಕ್ಕೆ.

ಒಂದು ಮಧ್ಯಾಹ್ನ, ಕರೆಂಟಿರಲಿಲ್ಲ,
ವಿಫ್ಯಾ ಬೆಟ್ಟದ ಪೈನ್ ಹೊಗೆ ಕಿಟಕಿಯಲ್ಲಿ,
ಲುಸುಂಗು ನ್ಯಿರೆಂದಾ ಬಂದು ನಿಂತಳು.
ಚಿತೆಂಜೆ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿದ ಮಗು,
ಕೈಯಲ್ಲಿ ಒಣ ಉಸಿಪಾ ಮೀನಿನ ಪೊಟ್ಟಣ,
ಸರೋವರದ ದಂಡೆಯಿಂದ ಮೂರು ಮಿನಿಬಸ್ಸು ಬದಲಿಸಿದ ಧೂಳು.
“ನ್ಯಾಗೊಂಡ್ವೆ, ನಾನು ಹೋದದ್ದು ನಿಮ್ಮ ಪುಸ್ತಕದಲ್ಲಿದೆ.
ಬಂದದ್ದನ್ನು ಎಲ್ಲಿ ಬರೆಯುತ್ತೀರಿ?”

ಹುಡುಕಿದೆ. ಎಲ್ಲೂ ಇಲ್ಲ.
ಅಂಚಿನಲ್ಲಿ ಅರ್ಧ ಅಂಗುಲ ಖಾಲಿ ಜಾಗ,
ಹುಳು ತಿಂದದ್ದು ಬಿಟ್ಟರೆ.
ಸ್ಕೇಲು ತೆಗೆದೆ, ಗೆರೆ ಎಳೆದೆ. ಮಗು ಮೇಜು ಒದೆಯಿತು,
ಗೆರೆ ನಡುವೆ ತುಸು ಸೊಟ್ಟಗಾಯಿತು.
ಮೇಲೆ ಬರೆದೆ: ಮರಳಿ ಬಂದ ತಾರೀಖು.

ರಿಜಿಸ್ಟ್ರಾರರು ಕನ್ನಡಕದ ಮೇಲಿಂದ ನೋಡಿದರು,
“ಯಾರನ್ನು ಕೇಳಿ ಎಳೆದಿರಿ?”
ನಾನು ಪುಟ ನಲವತ್ತೊಂದು ತೆರೆದು ಮುಂದಿಟ್ಟೆ.
ಬಹಳ ಹೊತ್ತು ಸುಮ್ಮನಿದ್ದರು. ಚಹಾ ಆರಿತು.
ಅವರ ತಂಗಿ ಮೂವತ್ತೆಂಟನೆಯ ಪುಟದಲ್ಲಿದ್ದಾಳೆ.
ನನಗೆ ಗೊತ್ತಿತ್ತು; ಹೇಳಲಿಲ್ಲ.

ಗೆರೆ ಎಳೆದ ಮಾತ್ರಕ್ಕೆ ದಾರಿಯಾಗುವುದಿಲ್ಲ.
ಹಾಸ್ಟೆಲಿನಲ್ಲಿ ಮಗುವಿಗೆ ಜಾಗವಿಲ್ಲ ಎಂದರು.
ಸಮಿತಿ ಕೂತಿತು, ಎದ್ದಿತು, ಬಿಸ್ಕತ್ತು ಮುಗಿಯಿತು,
ಮತ್ತೆ ಕೂತಿತು. ಎರಡು ಮಳೆಗಾಲ ಕಳೆದ ಮೇಲೆ
ಹಳೆಯ ಟೈಪಿಂಗ್ ಕೋಣೆಯಲ್ಲಿ ಆರು ಚಾಪೆ, ಒಂದು ಸೊಳ್ಳೆಪರದೆ,
ಕೂಸುಗಳನ್ನು ನೋಡಿಕೊಳ್ಳಲು ಸಂಬಳದ ಹೆಂಗಸೊಬ್ಬಳು.
ಲ್ಯಾಬಿನಿಂದ ಗೇಟಿನವರೆಗೆ ನಾಲ್ಕು ದೀಪದ ಕಂಬ,
ಎರಡು ಉರಿಯುತ್ತವೆ.
ಮಗುವಿಗೆ ಜ್ವರ ಬಂದರೆ ಪರೀಕ್ಷೆ ಮುಂದಿನ ವಾರ ಬರೆಯಬಹುದು,
ಇದು ಈಗ ನಿಯಮ; ಸಂಖ್ಯೆ ಇದೆ, ಮೊಹರಿದೆ.
‘ಇದು ಪ್ರಯೋಗಾಲಯ, ಹೆರಿಗೆಮನೆಯಲ್ಲ’
ಎನ್ನುತ್ತಿದ್ದ ರಸಾಯನಶಾಸ್ತ್ರದ ಮೇಷ್ಟ್ರು
ಇವತ್ತಿಗೂ ಹಾಗೇ ಅನ್ನುತ್ತಾರೆ.
ದನಿ ಮಾತ್ರ ಸಣ್ಣದಾಗಿದೆ.

ಎಲ್ಲರೂ ಉಳಿಯಲಿಲ್ಲ. ತಿವೊಂಗೆ ಬಂದಳು, ಹೋದಳು,
ಬಂದಳು, ಹೋದಳು. ಅವಳ ಸಾಲಿನಲ್ಲಿ
ಇನ್ನು ಅಕ್ಷರ ಹಿಡಿಯುವುದಿಲ್ಲವೆಂದು ಚೀಟಿ ಅಂಟಿಸಿದ್ದೇನೆ.
ಅದರ ಒಂದು ತುದಿಗೆ ಗೋಂದು ಹಚ್ಚಿಲ್ಲ,
ಬೇಕಾದರೆ ಎತ್ತಿ ಕೆಳಗೆ ಬರೆಯಬಹುದು.

ಕಳೆದ ಸೆಪ್ಟೆಂಬರಿನ ಒಂದು ಸೋಮವಾರ
ಒಂದೇ ಮಿನಿಬಸ್ಸಿನಿಂದ ಮೂವರು ಇಳಿದರು.
ಮೊದಲನೆಯವಳ ಎದುರು ತಾರೀಖು ಬರೆದು
ಉಳಿದಿಬ್ಬರಿಗೆ ಬರೆದೆ: ಮೇಲಿನಂತೆ. ಮೇಲಿನಂತೆ.
ಪದ ಅದೇ. ಕೈ ನಡುಗಿತು.

ಲುಸುಂಗು ಈಗ ಇಲ್ಲೇ ಸಸ್ಯಶಾಸ್ತ್ರದ ಪ್ರಾಕ್ಟಿಕಲ್ ಮಾಡಿಸುತ್ತಾಳೆ.
ಮೊನ್ನೆ ಬಂದವಳು ತಾನಾಗಿ ಪುಟ ಮಗುಚಿದಳು,
ನಲವತ್ತೊಂದು, ಕೆಳಗಿನಿಂದ ಮೂರನೆಯದು.
“ಇದೇಕೆ ಖಾಲಿ?”
ನಕ್ಕೆ. ವಯಸ್ಸು ಐವತ್ತರ ಹತ್ತಿರ, ಎಲೆಗಳ ಲ್ಯಾಟಿನ್ ಹೆಸರು
ಎಲ್ಲಾ ಉದುರಿಹೋಗಿವೆ ಎಂದೆ.
ಅವಳು ಕುರ್ಚಿ ಎಳೆದು ಕೂತೇ ಬಿಟ್ಟಳು.

ಕೊನೆಗೆ ಬರೆದೆ. ಮುಂದಿನ ಜನವರಿಯ ಒಂದು ತಾರೀಖು,
ಸಂಜೆ ತರಗತಿ. ಪೆನ್ಸಿಲಿನಲ್ಲಿ.
ಅವಳು ಏನೂ ಅನ್ನಲಿಲ್ಲ.
ಹೋಗುವಾಗ ಮೇಜಿನ ಮೇಲಿದ್ದ ರಬ್ಬರನ್ನು
ತನ್ನ ಚೀಲಕ್ಕೆ ಹಾಕಿಕೊಂಡು ಹೋದಳು.